ಮೂರು ಐಚ್ಛಿಕ ವಿಷಯಗಳ ಬಿ.ಎ.: ಕಾಂಬಿನೇಷನ್ ಆರಿಸುವುದರಿಂದ ಎಂ.ಎ. ಅರ್ಜಿಯವರೆಗೆ

ಪಿಯುಸಿ ಫಲಿತಾಂಶ ಬಂದ ವಾರ ಯಾವುದಾದರೂ ಪ್ರಥಮ ದರ್ಜೆ ಕಾಲೇಜಿನ ಅಡ್ಮಿಷನ್ ಕೌಂಟರ್ ಹತ್ತಿರ ನಿಂತು ನೋಡಿ. ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ, ಎಚ್‌ಇಜಿ ಎಂದು ಬರೀ ಅಕ್ಷರಗಳೇ ಕಿವಿಗೆ ಬೀಳುತ್ತವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ, ಭೂಗೋಳ ಇವುಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿ ಮಾಡಿಕೊಂಡ ಹೆಸರುಗಳಿವು. “ಯಾವುದು ಸುಲಭ ಸರ್?”, “ಕೆಎಎಸ್‌ಗೆ ಯಾವುದು ಒಳ್ಳೇದು?”, “ನನ್ನ ಫ್ರೆಂಡ್ ಎಚ್‌ಇಪಿ ತಗೊಂಡ್ಲು, ನಂಗೂ ಅದೇ ಕೊಡಿ” ಎಂದು ಕೇಳುವವರೇ ಹೆಚ್ಚು.

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಮೂರು ವಿಷಯಕ್ಕೆ ಒಂದಕ್ಕೊಂದು ಏನು ನಂಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆರು ಸೆಮಿಸ್ಟರ್ ಮುಗಿಸಿ ಹೊರಬಂದವರಲ್ಲೂ ಎಷ್ಟೋ ಮಂದಿಗೆ ಅದು ಹೊಳೆದಿರುವುದಿಲ್ಲ. ಕಾಲೇಜಿನ ವ್ಯವಸ್ಥೆಯೂ ಹಾಗೇ ಇದೆ. ಅರ್ಥಶಾಸ್ತ್ರದ ಮೇಡಂ ಈ ವಾರ ಏನು ಪಾಠ ಮಾಡಿದರು ಎಂಬುದು ಇತಿಹಾಸದ ಮೇಷ್ಟ್ರಿಗೆ ಗೊತ್ತಿರುವುದಿಲ್ಲ, ಗೊತ್ತುಮಾಡಿಕೊಳ್ಳಲು ಟೈಂ ಟೇಬಲ್ಲಿನಲ್ಲಿ ಜಾಗವೂ ಇಲ್ಲ. ಮೂರನ್ನೂ ಕೂಡಿಸುವ ಕೆಲಸ ವಿದ್ಯಾರ್ಥಿಯ ಪಾಲಿಗೇ ಬಿದ್ದಿದೆ. ಅದನ್ನು ಮಾಡಿಕೊಂಡವರಿಗೆ ನಮ್ಮ ಸಾದಾ ಬಿ.ಎ. ದೊಡ್ಡ ಫೀಸು ಕಟ್ಟಿ ಓದುವ ಲಿಬರಲ್ ಆರ್ಟ್ಸ್ ಕೋರ್ಸಿಗೇನೂ ಕಡಿಮೆಯಾಗುವುದಿಲ್ಲ. ಮಾಡಿಕೊಳ್ಳದಿದ್ದರೆ ಅದು ಮೂರು ಗೈಡ್ ಪುಸ್ತಕಗಳ ಪದವಿ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1936ರಲ್ಲಿ ಆನರ್ಸ್ ಮುಗಿಸಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಓದಿದ್ದು ಸಾಮಾಜಿಕ ತತ್ತ್ವಶಾಸ್ತ್ರ. ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆಯಂಥ ಹಲವು ಶಾಸ್ತ್ರಗಳು ಅದೊಂದೇ ಪದವಿಯೊಳಗಿದ್ದವು. ಮುಂದೆ ಅವರು ಮುಂಬೈ, ಆಕ್ಸ್‌ಫರ್ಡ್ ಸುತ್ತಿ ಬಂದು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತರು. ಅಲ್ಲಿನ ಗದ್ದೆ, ಜಾತಿ, ಗುಡಿ, ಚುನಾವಣೆ ಯಾವುದನ್ನೂ ಅವರು ಬೇರೆಬೇರೆ ಇಟ್ಟು ನೋಡಲಿಲ್ಲ. ಪ್ರಬಲ ಜಾತಿ (ಸಂಖ್ಯೆ, ಭೂಮಿಯ ಬಲದಿಂದ ಊರಿನ ಮೇಲೆ ಹಿಡಿತ ಇರುವ ಜಾತಿ) ಎಂದು ಇವತ್ತು ನಾವು ಪರೀಕ್ಷೆಗೆ ಉರುಹೊಡೆಯುವ ಪರಿಕಲ್ಪನೆ ಬಂದದ್ದು ಆ ನೋಟದಿಂದ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿ ಇತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ನಿಮ್ಮ ಅಕ್ಕನೋ ಪಕ್ಕದ ಮನೆಯ ಸೀನಿಯರೋ ಹೇಳುವ ಕ್ರೆಡಿಟ್ಟು (ಪ್ರತಿ ಪತ್ರಿಕೆಗೆ ಕೊಡುವ ತೂಕ), ಓಪನ್ ಎಲೆಕ್ಟಿವ್ (ನಿಮ್ಮ ಮುಖ್ಯ ವಿಷಯಗಳ ಆಚೆ ಆರಿಸುವ ಪತ್ರಿಕೆ), ಇಂಟರ್ನಲ್ ಅಂಕಗಳ ಲೆಕ್ಕ ನಿಮಗೆ ಅನ್ವಯಿಸದೇ ಇರಬಹುದು. ನೀವು ಸೇರುವ ವರ್ಷದ ಸಿಲಬಸ್ ಪಿಡಿಎಫ್ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಸಿಗುತ್ತದೆ. ಅದನ್ನೇ ನಂಬಿ.

ಹಂತ 1: ಮೊದಲು ಪ್ರಶ್ನೆ, ಆಮೇಲೆ ಕಾಂಬಿನೇಷನ್

“ನನಗೆ ಇತಿಹಾಸ ಇಷ್ಟ” ಎನ್ನುವುದು ಅಷ್ಟು ಉಪಯೋಗಕ್ಕೆ ಬರುವ ಮಾತಲ್ಲ. ಬದಲು, ನಿಮ್ಮನ್ನು ಕಾಡುವ ಎರಡು ಮೂರು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ನಮ್ಮೂರಲ್ಲಿ ರಾಗಿ ಬಿಟ್ಟು ಎಲ್ಲರೂ ಅಡಿಕೆ ಯಾಕೆ ಹಾಕಿದರು? ನಮ್ಮ ತಾಲ್ಲೂಕಿನ ಹುಡುಗರೆಲ್ಲ ಬೆಂಗಳೂರಿಗೆ ಹೋದ ಮೇಲೆ ಜಾತ್ರೆ ನಡೆಸುವವರು ಯಾರು? ಗ್ರಾಮ ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳು ಗೆದ್ದರೂ ಸಭೆಯಲ್ಲಿ ಗಂಡಂದಿರು ಮಾತಾಡುವುದು ಯಾಕೆ? ದೊಡ್ಡ ಪ್ರಶ್ನೆಯೇ ಆಗಬೇಕೆಂದಿಲ್ಲ.

ಈಗ ಒಂದೊಂದು ಪ್ರಶ್ನೆಯ ಎದುರಿಗೂ ಅದಕ್ಕೆ ಯಾವ ವಿಷಯಗಳು ಬೇಕಾದಾವು ಎಂದು ಬರೆಯಿರಿ. ಅಡಿಕೆಯ ಪ್ರಶ್ನೆಗೆ ಅರ್ಥಶಾಸ್ತ್ರ, ಭೂಗೋಳ, ಸ್ವಲ್ಪ ಇತಿಹಾಸ. ಪಂಚಾಯ್ತಿಯ ಪ್ರಶ್ನೆಗೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಎರಡು ಮೂರು ಪ್ರಶ್ನೆಗೂ ಮತ್ತೆ ಮತ್ತೆ ಬೇಕೆನಿಸಿದ ವಿಷಯ ನಿಮ್ಮ ಕಾಂಬಿನೇಷನ್ನಿನಲ್ಲಿ ಇರಲೇಬೇಕು. ಮಿಕ್ಕ ಎರಡರಲ್ಲಿ ಕಾಲೇಜು ಕೊಡುವುದನ್ನು ನೋಡಿಕೊಂಡು ಹೊಂದಾಣಿಕೆ ಮಾಡಿಕೊಳ್ಳಬಹುದು.

ಹಂತ 2: ಮುಂದೆ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಈಗಲೇ ನೋಡಿ

ಕಾಂಬಿನೇಷನ್ ಆರಿಸುವಾಗ ಏನು ಸಿಗುತ್ತದೆ ಎನ್ನುವುದಕ್ಕಿಂತ ಏನು ತಪ್ಪಿಹೋಗುತ್ತದೆ ಎಂದು ನೋಡುವುದು ಜಾಣತನ.

ಎಂ.ಎ.ಗೆ ಹೋಗುವ ಆಸೆಯಿದ್ದರೆ, ಆ ವಿಷಯವನ್ನು ಬಿ.ಎ.ಯಲ್ಲಿ ಐಚ್ಛಿಕವಾಗಿ ಓದಿದವರಿಗೇ ಬಹುಪಾಲು ವಿಶ್ವವಿದ್ಯಾಲಯಗಳು ಮೊದಲ ಆದ್ಯತೆ ಕೊಡುತ್ತವೆ. ಅರ್ಥಶಾಸ್ತ್ರದಲ್ಲಂತೂ ಈ ನಿಯಮ ಬಿಗಿ. ಸಮಾಜಕಾರ್ಯ, ಪತ್ರಿಕೋದ್ಯಮದಂಥ ಕಡೆ ಯಾವುದೇ ಪದವಿಯವರಿಗೂ ಅವಕಾಶ ಇರುವುದುಂಟು. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಪದವಿಯಾದರೂ ಆದೀತು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ಬಿ.ಇಡ್.ಗೆ ಸಾಮಾನ್ಯವಾಗಿ ಶೇ. 50. ಶಿಕ್ಷಕರಾಗುವ ಮನಸ್ಸಿರುವವರು ಇನ್ನೊಂದು ಗಮನಿಸಬೇಕು. ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ ಹುದ್ದೆಗೆ ಪದವಿಯಲ್ಲಿ ಯಾವ ಯಾವ ವಿಷಯ ಓದಿರಬೇಕು ಎಂದು ನೇಮಕಾತಿ ನಿಯಮದಲ್ಲೇ ಇರುತ್ತದೆ. ಪತ್ರಿಕೋದ್ಯಮ, ಮನಃಶಾಸ್ತ್ರ, ಐಚ್ಛಿಕ ಇಂಗ್ಲಿಷ್ ಎಂದು ನಗರದ ಕಾಲೇಜಿನಲ್ಲಿ ಚಂದದ ಕಾಂಬಿನೇಷನ್ ತೆಗೆದುಕೊಂಡು, ಐದು ವರ್ಷದ ಮೇಲೆ ಶಿಕ್ಷಕರ ಅಧಿಸೂಚನೆ ಕೈಯಲ್ಲಿ ಹಿಡಿದು ಪೇಚಾಡುವವರಿದ್ದಾರೆ. ಹಿಂದಿನ ಅಧಿಸೂಚನೆಯೊಂದನ್ನು ಇಳಿಸಿಕೊಂಡು ವಿದ್ಯಾರ್ಹತೆಯ ಪುಟವನ್ನಾದರೂ ಓದಿ.

ಗಣಿತದ ಮಾತು. ಪಿಯುಸಿ ಕಲಾ ವಿಭಾಗದಿಂದ ಬಂದವರು ಅರ್ಥಶಾಸ್ತ್ರಕ್ಕೆ ಹೆದರುವುದೇ ಇದಕ್ಕೆ. ಹೆದರಿ ಬಿಡಬೇಡಿ. ಬಿ.ಎ. ಮಟ್ಟಕ್ಕೆ ಬೇಕಾದದ್ದು ಶೇಕಡಾವಾರು, ಗ್ರಾಫ್ ಓದುವುದು, ರೇಖೆಯ ಇಳಿಜಾರು, ಸರಾಸರಿ, ಸೂಚ್ಯಂಕ. ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಬೇಸಿಗೆ ರಜೆಯಲ್ಲಿ ಮತ್ತೊಮ್ಮೆ ತಿರುವಿದರೆ ಇದರಲ್ಲಿ ಮುಕ್ಕಾಲು ಪಾಲು ಕೈಗೆ ಬರುತ್ತದೆ.

ಇನ್ನು ಕಾಂಬಿನೇಷನ್‌ಗಳ ಬಗ್ಗೆ ನನ್ನ ಸ್ವಂತ ಅಭಿಪ್ರಾಯ. ಸ್ಪರ್ಧಾತ್ಮಕ ಪರೀಕ್ಷೆಯೊಂದೇ ಗುರಿಯಾದರೆ ಎಚ್‌ಇಪಿ ಸರಿಯೇ. ಸಂವಿಧಾನ, ಅರ್ಥವ್ಯವಸ್ಥೆ, ಚರಿತ್ರೆ ಮೂರೂ ಅಲ್ಲಿವೆ. ಆದರೆ ಎಲ್ಲರೂ ಅಲ್ಲೇ ಮುಗಿಬೀಳುವುದರಿಂದ ತರಗತಿಯಲ್ಲಿ ನೂರು ಮಂದಿ, ಮೇಷ್ಟ್ರಿಗೆ ನಿಮ್ಮ ಹೆಸರೂ ಗೊತ್ತಾಗುವುದಿಲ್ಲ. ಭೂಗೋಳ ಇರುವ ಕಾಲೇಜು ನಿಮ್ಮ ಹತ್ತಿರ ಇದ್ದರೆ ಬಿಡಬೇಡಿ. ಅಲ್ಲಿ ಪ್ರಾಕ್ಟಿಕಲ್ ಇದೆ, ನಕ್ಷೆ ಓದಲು ಕಲಿಸುತ್ತಾರೆ, ಮಾನವಿಕ ವಿಷಯಗಳಲ್ಲಿ ಆ ಕೌಶಲ ಬಹಳ ಕಡಿಮೆ ಜನಕ್ಕೆ ಇದೆ. ಇತಿಹಾಸದ ಜೊತೆ ಐಚ್ಛಿಕ ಕನ್ನಡ ಓದುವವರನ್ನು ಜನ ಕನಿಕರದಿಂದ ನೋಡುತ್ತಾರೆ. ಹಳಗನ್ನಡ ಬಾರದೆ ಶಾಸನ ಓದುವುದು ಹೇಗೆ? ನನ್ನ ಕೇಳಿದರೆ ಅದಕ್ಕಿಂತ ಗಟ್ಟಿಯಾದ ಜೋಡಿ ಇಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಕನ್ನಡ ಸಾಹಿತ್ಯವೂ ಒಂದು. ತಲಾ 250 ಅಂಕದ ಎರಡು ಪತ್ರಿಕೆಗಳು.

ಕೊನೆಯದಾಗಿ ಆ ಕಾಲೇಜಿನಲ್ಲಿ ಪಾಠ ಮಾಡುವವರು ಇದ್ದಾರೆಯೇ ನೋಡಿ. ಪ್ರಾಸ್ಪೆಕ್ಟಸ್ಸಿನಲ್ಲಿ ಆರು ಕಾಂಬಿನೇಷನ್ ಇರುತ್ತವೆ, ಕೆಲವು ವಿಭಾಗಗಳು ಪೂರ್ತಿ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ. ಅವರಲ್ಲಿ ಬಲು ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಆದರೆ ಅವರ ನೇಮಕಾತಿ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಕೇಳಿದರೆ ಎರಡು ನಿಮಿಷದಲ್ಲಿ ನಿಜ ಹೊರಬರುತ್ತದೆ. ಹಾಗೇ ಲೈಬ್ರರಿಗೆ ಒಮ್ಮೆ ಹೋಗಿಬನ್ನಿ. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡಿದೆಯೋ, ಹುಡುಗರ ಕೈಗೆ ಸಿಗುತ್ತದೆಯೋ?

ಹಂತ 3: ಅರ್ಜಿ ಮತ್ತು ಕಾಗದಪತ್ರ

ಇದು ಬೇಗ ಮುಗಿಯುವ ಭಾಗ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಆಧಾರ್‌ನಲ್ಲಿರುವ ಹೆಸರು ಮತ್ತು ಅಂಕಪಟ್ಟಿಯ ಹೆಸರು ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೇ ಆಮೇಲೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಸೈಬರ್ ಸೆಂಟರಿನವರದ್ದಲ್ಲ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಂಡರೆ ಎಸ್‌ಎಸ್‌ಪಿ ಎಂಬ ರಾಜ್ಯ ಪೋರ್ಟಲ್ಲಿನ ವಿದ್ಯಾರ್ಥಿವೇತನದ ಅರ್ಜಿಗೆ ಕೊನೇ ದಿನ ನಾಡಕಚೇರಿಗೆ ಓಡುವುದು ತಪ್ಪುತ್ತದೆ. ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿಯನ್ನೂ ಮಾಡಿಕೊಳ್ಳಿ. ಮಧ್ಯದಲ್ಲಿ ಕಾಲೇಜು ಬಿಡಬೇಕಾಗಿ ಬಂದರೆ ಗಳಿಸಿದ ಕ್ರೆಡಿಟ್ಟುಗಳು ಏಳು ವರ್ಷದವರೆಗೆ ಅಲ್ಲಿ ಚಾಲ್ತಿಯಲ್ಲಿರುತ್ತವೆ.

ಹೊರರಾಜ್ಯದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೋಗಬೇಕೆಂದಿದ್ದರೆ ದಾರಿ ಬೇರೆ. 2022ರಿಂದ ಅಲ್ಲಿ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಅದನ್ನು ಬರೆಯಬಹುದು ಎನ್ನುವುದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಹಲವರಿಗೆ ಗೊತ್ತಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಒಂದೇ ವಿಷಯದ ಆನರ್ಸ್ ಅಲ್ಲದೆ ಬಿ.ಎ. ಪ್ರೋಗ್ರಾಂ ಎಂದು ಎರಡು ವಿಷಯ ಜೋಡಿಸಿ ಓದುವ ಕೋರ್ಸೂ ಇದೆ.

ಹಂತ 4: ಮೂರು ಸಿಲಬಸ್ಸನ್ನು ಒಂದೇ ಹಾಳೆಗೆ ತನ್ನಿ

ಮೊದಲ ಸೆಮಿಸ್ಟರಿನ ಮೊದಲ ಭಾನುವಾರ ಈ ಕೆಲಸ ಮಾಡಿ. ಒಂದು ಡ್ರಾಯಿಂಗ್ ಶೀಟ್ ತಂದು ಮೂರು ಕಾಲಂ ಹಾಕಿ ಮೂರೂ ವಿಷಯದ ಯೂನಿಟ್ಟುಗಳನ್ನು ಒಂದರ ಪಕ್ಕ ಒಂದು ಬರೆಯಿರಿ. ಒಂದೇ ಸಂಗತಿ ಎರಡು ಕಡೆ ಬಂದಲ್ಲಿ ಗೆರೆ ಎಳೆಯಿರಿ. ಬ್ರಿಟಿಷರ ಭೂಕಂದಾಯ ಇತಿಹಾಸದಲ್ಲೂ ಬರುತ್ತದೆ, ಭಾರತದ ಅರ್ಥವ್ಯವಸ್ಥೆಯಲ್ಲೂ ಬರುತ್ತದೆ. ಪಂಚಾಯತ್ ರಾಜ್ ರಾಜ್ಯಶಾಸ್ತ್ರದಲ್ಲಿದೆ, ಗ್ರಾಮೀಣ ಸಮಾಜಶಾಸ್ತ್ರದಲ್ಲೂ ಇದೆ. ವಚನಕಾರರು ಐಚ್ಛಿಕ ಕನ್ನಡದಲ್ಲಿ ಸಿಗುತ್ತಾರೆ, ಕರ್ನಾಟಕದ ಇತಿಹಾಸದಲ್ಲೂ ಸಿಗುತ್ತಾರೆ, ಜಾತಿ ವ್ಯವಸ್ಥೆಯ ಪಾಠದಲ್ಲಿ ಸಮಾಜಶಾಸ್ತ್ರದವರೂ ಅವರ ಹೆಸರು ಹೇಳುತ್ತಾರೆ.

ಗೆರೆ ಎಳೆದ ಸಂಗತಿಗಳಿಗೆ ವಿಷಯವಾರು ನೋಟ್ಸ್ ಬೇಡ. ಬೇರೆಯೇ ಒಂದು ನೋಟ್‌ಬುಕ್ ಇಟ್ಟು ಅಲ್ಲಿ ಒಂದೇ ಕಡೆ ಬರೆಯಿರಿ, ಯಾವ ವಿಷಯದವರು ಏನು ಹೇಳಿದರು ಎಂದು ಅಂಚಿನಲ್ಲಿ ಗುರುತು ಹಾಕಿ. ಮೂರನೇ ಸೆಮಿಸ್ಟರ್ ಹೊತ್ತಿಗೆ ಅದೇ ನಿಮ್ಮ ಅತಿ ಬೆಲೆಬಾಳುವ ಪುಸ್ತಕವಾಗಿರುತ್ತದೆ. ಎರವಲು ಕೊಡಬೇಡಿ, ವಾಪಸ್ ಬರುವುದಿಲ್ಲ.

ಹಂತ 5: ಒಂದು ಕೆರೆ, ಆರು ವಿಷಯ

ಈ ಬರಹದ ಹೊಟ್ಟೆ ಇದು. ಮಿಕ್ಕದ್ದನ್ನು ಓದದೆ ಇದೊಂದನ್ನು ಮಾಡಿದರೂ ಸಾಕು. ನಿಮ್ಮೂರಿನ ಒಂದು ಕೆರೆಯನ್ನು ಆರಿಸಿಕೊಳ್ಳಿ. ಮೂರು ವರ್ಷ ಅದನ್ನು ಬಿಡಬೇಡಿ. ನೀವು ಓದುವ ಮೂರು ವಿಷಯದ ಕಣ್ಣಿನಿಂದ ಅದನ್ನು ನೋಡಿ. ಆರೂ ವಿಷಯಕ್ಕೆ ಏನೇನು ಮಾಡಬಹುದೆಂದು ಹೇಳುತ್ತೇನೆ, ನಿಮ್ಮ ಮೂರನ್ನು ನೀವು ಹೆಕ್ಕಿಕೊಳ್ಳಿ.

ಮೊದಲು ನಡೆಯಿರಿ. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ. ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಕೋಡಿ ಬಿದ್ದ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ, ಕೆರೆ ನೀರು ಹಾಯುವ ಅಚ್ಚುಕಟ್ಟಿನ ಗದ್ದೆಗಳು ಎಲ್ಲಿಯವರೆಗೆ? ಕೈಯಲ್ಲೇ ಒಂದು ನಕ್ಷೆ ಬಿಡಿಸಿ. ಸೊಟ್ಟಗಿದ್ದರೂ ಚಿಂತೆಯಿಲ್ಲ. ಭೂಗೋಳದವರು ಇದನ್ನು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯ ಜೊತೆ ಹೋಲಿಸಿ ನೋಡಲಿ. ನಮ್ಮ ಬಯಲುಸೀಮೆಯ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಒಳಹರಿವು. ನಡುವಿನ ರಾಜಕಾಲುವೆ ಎಲ್ಲಿ ಮುಚ್ಚಿಹೋಗಿದೆ ಎನ್ನುವುದು ನಕ್ಷೆ ಬರೆಯುವಾಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಇತಿಹಾಸದವರಿಗೆ ತೂಬಿನ ಹತ್ತಿರವೋ ಊರ ಗುಡಿಯ ಮುಂದೋ ಶಾಸನ ಕಲ್ಲು ಸಿಗಬಹುದು. ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೇ ಮೈಸೂರಿನ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕಿನ ಪುಟ ತೆರೆದು ಊರಿನ ಹೆಸರು ಹುಡುಕಿ. ಊರ ಹೆಸರು ಅಂದು ಬೇರೆ ರೂಪದಲ್ಲಿದ್ದೀತು, ಅಜ್ಜಂದಿರನ್ನು ಕೇಳಿ. ಶಕ ವರ್ಷ ಇದ್ದರೆ 78 ಕೂಡಿಸಿ, ಕ್ರಿ.ಶ. ಬರುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79. ಕೆರೆ ಕಟ್ಟಿಸಿದವನಿಗೆ, ದುರಸ್ತಿ ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿಯ ಮಾತು ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಬರುತ್ತದೆ. ಹೂಳು ತೆಗೆಸಲು ಹಣ ಎಲ್ಲಿಂದ ಬರುತ್ತಿತ್ತು ಎನ್ನುವುದಕ್ಕೆ ಅದೇ ಉತ್ತರ.

ಅಲ್ಲಿಂದ ಅರ್ಥಶಾಸ್ತ್ರಕ್ಕೆ ಒಂದೇ ಹೆಜ್ಜೆ. ಈಗ ಹೂಳು ತೆಗೆಸಲು ಹಣ ಯಾರು ಕೊಡುತ್ತಾರೆ? ಅಚ್ಚುಕಟ್ಟಿನ ಹತ್ತು ರೈತರನ್ನು ಮಾತಾಡಿಸಿ. ಎಷ್ಟು ಎಕರೆ, ಯಾವ ಬೆಳೆ, ಕೆರೆ ನೀರು ಎಷ್ಟು ತಿಂಗಳು, ಬೋರ್‌ವೆಲ್ ಎಷ್ಟು ಅಡಿ, ಅದಕ್ಕೆ ಎಷ್ಟು ಸಾಲ? ಒಂದು ಪಟ್ಟಿ ಮಾಡಿ. ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದ ಪಹಣಿಯಲ್ಲಿ ಬೆಳೆ ಮತ್ತು ನೀರಾವರಿ ಮೂಲದ ಕಾಲಂ ಇದೆ. ಅಲ್ಲಿ ಬರೆದಿರುವುದಕ್ಕೂ ಹೊಲದಲ್ಲಿ ಕಾಣುವುದಕ್ಕೂ ಎಷ್ಟು ಅಂತರ ಎಂದು ನೋಡುವುದೇ ಒಂದು ಅಧ್ಯಯನ. 2011ರ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ನಿಮ್ಮ ಊರಿನ ಸಾಲು ಇದೆ, ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ರಾಜ್ಯಶಾಸ್ತ್ರದವರು ಹಿಡಿಯಬೇಕಾದ ಎಳೆ, ಈ ಕೆರೆ ಯಾರದು ಎನ್ನುವುದು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಜಿಲ್ಲಾ ಪಂಚಾಯತ್ ಲೆಕ್ಕ, 40ರಿಂದ 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. ಮೀನಿನ ಟೆಂಡರ್ ಇನ್ನೊಬ್ಬರದು, ಒತ್ತುವರಿ ತೆರವು ಕಂದಾಯದವರದು. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಇದೆ, ಮೀನುಗಾರಿಕೆಯೂ ಇದೆ. ಪುಸ್ತಕದಲ್ಲಿ ಅಧಿಕಾರ ವಿಕೇಂದ್ರೀಕರಣ ಎಂದು ಓದಿದ್ದು ನೆಲದ ಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಲು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, 30 ದಿನದಲ್ಲಿ ಉತ್ತರ ಬರಬೇಕು. 150 ಪದದಲ್ಲಿ ಬೇಕಾದ್ದನ್ನು ಸ್ಪಷ್ಟವಾಗಿ ಕೇಳುವುದನ್ನು ಕಲಿತವರಿಗೆ ಪರೀಕ್ಷೆಯ ಉತ್ತರವೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ.

ಸಮಾಜಶಾಸ್ತ್ರದವರು ನೀರಗಂಟಿಯನ್ನು ಹುಡುಕಿ. ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ಮನೆತನದವರು ಈಗ ಏನು ಮಾಡುತ್ತಿದ್ದಾರೆ? ಆ ಕೆಲಸಕ್ಕೆ ಅವರಿಗೆ ಸುಗ್ಗಿಯಲ್ಲಿ ಏನು ಸಲ್ಲುತ್ತಿತ್ತು? ಕೆರೆ ತುಂಬಿದಾಗ ಬಾಗಿನ ಬಿಡುವವರು ಯಾರು, ನಿಂತು ನೋಡುವವರು ಯಾರು? ಮಾತಾಡಿಸುವಾಗ ಫಾರಂ ಹಿಡಿದು ಹೋಗಬೇಡಿ. “ಅಜ್ಜ, ಕೋಡಿ ಬಿದ್ದದ್ದು ಕೊನೆಗೆ ಯಾವಾಗ?” ಎಂದು ಶುರುಮಾಡಿ. ಜಾತಿಯ ಮಾತು ತಾನಾಗಿ ಬರುತ್ತದೆ, ನೀವು ಎಳೆದು ತರಬೇಕಿಲ್ಲ. ಹೆಂಗಸರನ್ನು ಕೇಳುವುದಾದರೆ ಮನೆಯ ಗಂಡಸರು ಹೊರಗೆ ಹೋದ ಹೊತ್ತಿಗೆ, ಗೆಳತಿಯೊಬ್ಬಳ ಜೊತೆ ಹೋಗಿ. ಕೇಳುವ ಪ್ರಶ್ನೆ ಅವೇ ಇದ್ದರೂ ಆಗ ಬರುವ ಉತ್ತರ ಬೇರೆ.

ಐಚ್ಛಿಕ ಕನ್ನಡದವರ ಕೈಯಲ್ಲಿ ‘ಕೆರೆಗೆ ಹಾರ’ ಇದ್ದೇ ಇದೆ. ನೀರು ಬೀಳದ ಕೆರೆಗೆ ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಟ್ಟ ಕಥನಗೀತೆ. ತ್ಯಾಗ ಎಂದು ನಾಲ್ಕು ಅಂಕದ ಉತ್ತರ ಬರೆದು ಮುಗಿಸುವ ಬದಲು, ಮನೆಯಲ್ಲಿ ಇಷ್ಟು ಜನ ಇರುವಾಗ ಕಿರಿಸೊಸೆಯೇ ಯಾಕೆ ಎಂದು ಕೇಳಿಕೊಳ್ಳಿ. ಆಗ ಸಮಾಜಶಾಸ್ತ್ರದ ಕುಟುಂಬದ ಪಾಠ ಅರ್ಥವಾಗುತ್ತದೆ. ಕೆರೆ ಕಟ್ಟಿಸಿದ ಗೌಡ ಯಾರಿಗೆ ಕೆರೆ ಕಟ್ಟಿಸಿದ ಎಂದು ಕೇಳಿಕೊಂಡರೆ ಇತಿಹಾಸದ ಪಾಠ.

ಇಷ್ಟೆಲ್ಲ ಸೇರಿ ಮೂರು ವರ್ಷಕ್ಕೆ ಹದಿನೈದು ಇಪ್ಪತ್ತು ಪುಟದ ಒಂದು ಫೈಲ್ ಆದರೆ ಸಾಕು. ಒಂದು ನಕ್ಷೆ, ಒಂದು ಪಟ್ಟಿ, ನಾಲ್ಕೈದು ಸಂದರ್ಶನ, ಒಂದು ಶಾಸನದ ಪಾಠ. ಅದರ ತುಣುಕುಗಳನ್ನು ಆಯಾ ವಿಷಯದ ಅಸೈನ್‌ಮೆಂಟಿಗೆ ಬಳಸಿಕೊಳ್ಳಬಹುದು, ಆದರೆ ಒಂದೇ ಬರಹವನ್ನು ಮೂವರಿಗೂ ಕೊಡಬೇಡಿ. ಹೇಗೂ ಸ್ಟಾಫ್ ರೂಮಿನಲ್ಲಿ ಸಿಕ್ಕಿಬೀಳುತ್ತೀರಿ. ಊರಲ್ಲಿ ಕೆರೆ ಇಲ್ಲದಿದ್ದರೆ ವಾರದ ಸಂತೆ, ಹಾಲಿನ ಡೇರಿ, ಮೀನು ಬಂದರು, ಜಾತ್ರೆ ಯಾವುದಾದರೂ ಆದೀತು. ಬೆಂಗಳೂರಿನವರಿಗೆ ಬತ್ತಿ ಲೇಔಟ್ ಆದ ಕೆರೆಗಳಿಗೇನೂ ಬರವಿಲ್ಲ.

ಹಂತ 6: ಓದಿಗೆ ಎರಡು ಭಾಷೆ

ಕಲಾ ವಿಭಾಗದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಿರಿ. ಯೋಚನೆ ಯಾವ ಭಾಷೆಯಲ್ಲಿ ಓಡುತ್ತದೋ ಉತ್ತರವೂ ಅದರಲ್ಲೇ ಚೆನ್ನಾಗಿ ಬರುತ್ತದೆ. ಆದರೆ ಓದು ಮಾತ್ರ ಕನ್ನಡದ ಗೈಡಿನಲ್ಲಿ ನಿಲ್ಲಬಾರದು. ಪ್ರತಿ ಯೂನಿಟ್ಟಿಗೆ ಇಂಗ್ಲಿಷಿನ ಒಂದೇ ಒಂದು ಅಧ್ಯಾಯ ಓದುವ ಪಣ ತೊಡಿ. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ. ದೂರಶಿಕ್ಷಣದವರಿಗೆಂದು ಬರೆದದ್ದರಿಂದ ಮೇಷ್ಟ್ರಿಲ್ಲದೆಯೂ ಅರ್ಥವಾಗುತ್ತವೆ. ನಿಮ್ಮ ಕಾಲೇಜು ಎನ್-ಲಿಸ್ಟ್ ಎಂಬ ಆನ್‌ಲೈನ್ ಗ್ರಂಥ ಸಂಗ್ರಹಕ್ಕೆ ಚಂದಾದಾರ ಆಗಿದೆಯೇ ಎಂದು ಲೈಬ್ರರಿಯನ್ನರನ್ನು ಕೇಳಿ. ಆಗಿದ್ದರೆ ಲಾಗಿನ್ ಕೊಡಿಸಿಕೊಳ್ಳಿ. ಸಾವಿರಾರು ಸಂಶೋಧನಾ ಪತ್ರಿಕೆಗಳು ಅದರಲ್ಲಿವೆ, ಬಹಳ ಕಾಲೇಜುಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಕನ್ನಡದಲ್ಲಿ ಕಣಜ, ಭಾರತವಾಣಿ ಜಾಲತಾಣಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದ ಪುಸ್ತಕಗಳು, ನಿಮ್ಮ ಜಿಲ್ಲೆಯ ಗೆಜೆಟಿಯರ್ ಇಷ್ಟನ್ನು ಬಿಡಬೇಡಿ.

ಹಂತ 7: ಒಂದೇ ಸಂಗತಿ, ವಿಷಯಕ್ಕೊಂದು ಉತ್ತರ

ಮೂರು ವಿಷಯ ಓದುವವರು ಅಂಕ ಕಳೆದುಕೊಳ್ಳುವುದು ಬಹುಪಾಲು ಇಲ್ಲಿ. ಎಲ್ಲ ಪತ್ರಿಕೆಗೂ ಇತಿಹಾಸದ ಧಾಟಿಯಲ್ಲೇ, “ಪೀಠಿಕೆ, ಕಾರಣಗಳು, ಪರಿಣಾಮಗಳು, ಉಪಸಂಹಾರ” ಎಂದು ಬರೆದುಬಿಡುತ್ತಾರೆ.

ಭೂಸುಧಾರಣೆಯನ್ನು ತೆಗೆದುಕೊಳ್ಳಿ. ಇತಿಹಾಸದ ಪತ್ರಿಕೆಯಲ್ಲಿ ಕಾಲದ ಕ್ರಮ ಮುಖ್ಯ: 1961ರ ಕಾಯ್ದೆ, ದೇವರಾಜ ಅರಸು ಕಾಲದ 1974ರ ತಿದ್ದುಪಡಿ, ಅದಕ್ಕೆ ಮೊದಲಿನ ಗೇಣಿದಾರರ ಹೋರಾಟಗಳು. ಅದೇ ಅರ್ಥಶಾಸ್ತ್ರದಲ್ಲಿ ಬಂದರೆ, ಗೇಣಿ ಕೊಡುವಾಗ ಸುಧಾರಣೆಗೆ ಹಣ ಹಾಕದ ರೈತ ಒಡೆಯನಾದ ಮೇಲೆ ಯಾಕೆ ಹಾಕುತ್ತಾನೆ ಎಂಬ ಪ್ರೇರಣೆಯ ತರ್ಕ ಬೇಕು, ಹಿಡುವಳಿಯ ಗಾತ್ರದ ಚರ್ಚೆ ಬೇಕು. ರಾಜ್ಯಶಾಸ್ತ್ರಕ್ಕೆ ಬೇಕಾದದ್ದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯಲ್ಲಿ ಅಧಿಕಾರಿಗಳಲ್ಲದ ನಾಮಕರಣ ಸದಸ್ಯರೂ ಕೂತು ತೀರ್ಪು ಕೊಟ್ಟದ್ದರಿಂದ ಅರಸು ಕಟ್ಟಿದ ರಾಜಕೀಯ ಬೆಂಬಲಕ್ಕೆ ಏನಾಯಿತು? ಸಮಾಜಶಾಸ್ತ್ರದಲ್ಲಾದರೆ ಭೂಮಿ ಯಾವ ಜಾತಿಯಿಂದ ಯಾವ ಜಾತಿಗೆ ಹೋಯಿತು, ಕೂಲಿಯವನಿಗೆ ಯಾಕೆ ಸಿಗಲಿಲ್ಲ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋಗಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾದದ್ದನ್ನು ಎಲ್ಲ ಕಡೆಯೂ ಕೊನೆಗೆ ಸೇರಿಸಬಹುದು, ಆದರೆ ಬೇರೆ ಬೇರೆ ಕಾರಣಕ್ಕೆ.

ವಿಷಯಕ್ಕೊಂದು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ತಿಂಗಳಿಗೊಮ್ಮೆ ಇಂಥ ಒಂದು ಸಂಗತಿಗೆ ಮೂರು ಉತ್ತರ ಬರೆದು ಮೂವರು ಮೇಷ್ಟ್ರಿಗೂ ತೋರಿಸಿ. ಹಾಜರಾತಿ ಶೇ. 75 ಬೇಕು ಎನ್ನುವುದನ್ನು ಮರೆಯಬೇಡಿ, ಇಂಟರ್ನಲ್ ಅಂಕ ಅದರ ಜೊತೆಯಲ್ಲೇ ಬರುತ್ತದೆ.

ಹಂತ 8: ಪಕ್ಕದಲ್ಲಿ ಕಲಿಯಬೇಕಾದದ್ದು

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲ್ಲಿನಲ್ಲಿ ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಅಲ್ಲಿನ ಕ್ರೆಡಿಟ್ಟುಗಳನ್ನು ಶೇ. 40ರವರೆಗೆ ಒಪ್ಪಿಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಅವಕಾಶ ಇದ್ದರೂ ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿ. 2022ರಿಂದ ಏಕಕಾಲಕ್ಕೆ ಎರಡು ಪದವಿ ಮಾಡಲೂ ಯುಜಿಸಿ ಒಪ್ಪಿದೆ. ಕಾಲೇಜಿನ ಜೊತೆ ಮುಕ್ತ ವಿಶ್ವವಿದ್ಯಾಲಯದ್ದೊಂದು. ನನ್ನ ಸಲಹೆ: ಎರಡನೇ ಪದವಿಗೆ ಓಡುವ ಮೊದಲು ಮೂರು ಸಣ್ಣ ಕೆಲಸ ಕಲಿಯಿರಿ. ಯೂನಿಕೋಡ್‌ನಲ್ಲಿ ಕನ್ನಡ ಟೈಪಿಂಗ್. ಸ್ಪ್ರೆಡ್‌ಶೀಟ್‌ನಲ್ಲಿ ನಿಮ್ಮ ಹತ್ತು ರೈತರ ಪಟ್ಟಿ ಹಾಕಿ ಸರಾಸರಿ ತೆಗೆಯುವುದು. ಒಂದು ಪುಟದ ಇಂಗ್ಲಿಷ್ ಲೇಖನವನ್ನು ಐದು ಸಾಲಿನ ಕನ್ನಡಕ್ಕೆ ಇಳಿಸುವುದು. ಪತ್ರಿಕೆ, ಎನ್‌ಜಿಒ, ಪ್ರಕಾಶನ ಎಲ್ಲೇ ಕೆಲಸಕ್ಕೆ ಹೋದರೂ ಮೊದಲ ವಾರ ಕೇಳುವುದು ಇವನ್ನೇ.

ಹಂತ 9: ಮೂರನೇ ವರ್ಷ, ಮುಂದಿನ ಅರ್ಜಿ

ಐದನೇ ಸೆಮಿಸ್ಟರ್ ಶುರುವಾಗುವಾಗ ಮೂರರಲ್ಲಿ ಯಾವುದನ್ನು ಮುಂದೆ ಓದುತ್ತೀರಿ ಎಂದು ತೀರ್ಮಾನ ಮಾಡಿಬಿಡಿ. ಹೆಚ್ಚು ಅಂಕ ಬಂದ ವಿಷಯ ಎಂದಲ್ಲ, ನಿಮ್ಮ ಕೆರೆ ಫೈಲಿನಲ್ಲಿ ಯಾವ ಭಾಗ ಬರೆಯುವಾಗ ಹೊತ್ತು ಹೋದದ್ದು ತಿಳಿಯಲಿಲ್ಲವೋ ಆ ವಿಷಯ. ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎ. ಅರ್ಜಿಗಳು ಸಾಮಾನ್ಯವಾಗಿ ಆರನೇ ಸೆಮಿಸ್ಟರ್ ಮುಗಿದ ಮೇಲೆ ಬರುತ್ತವೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ-ಪಿಜಿ ಬರೆಯಬೇಕು. ಅದರ ಅರ್ಜಿ ಇನ್ನೂ ತರಗತಿ ನಡೆಯುತ್ತಿರುವಾಗಲೇ ಕರೆದು, ಪರೀಕ್ಷೆಯೂ ಮುಗಿದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದವರಿಗೆ ಒಂದು ವರ್ಷ ಹೋಯಿತು.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷೆಯ ಜೊತೆ ಸಂದರ್ಶನವೂ ಇರುತ್ತದೆ. “ಯಾಕೆ ಈ ಕೋರ್ಸ್?” ಎಂದು ಕೇಳಿದಾಗ ಸಮಾಜಸೇವೆ ಮಾಡಬೇಕೆಂಬ ಆಸೆ ಎಂದು ಎಲ್ಲರೂ ಹೇಳುತ್ತಾರೆ. ನೀವು ಫೈಲ್ ತೆಗೆದು, ನಮ್ಮೂರ ಕೆರೆಯ ಅಚ್ಚುಕಟ್ಟು ಪಹಣಿಯಲ್ಲಿ ಇಷ್ಟಿದೆ, ನಾನು ನಡೆದು ನೋಡಿದಾಗ ಇಷ್ಟಿತ್ತು, ಆ ವ್ಯತ್ಯಾಸ ಯಾಕೆ ಎಂದು ಓದಬೇಕಿದೆ ಎಂದು ಹೇಳಿ. ಮುಂದಿನ ಪ್ರಶ್ನೆಗಳೆಲ್ಲ ಕೆರೆಯ ಬಗ್ಗೆಯೇ ಬರುತ್ತವೆ, ಅದರಲ್ಲಿ ನಿಮ್ಮನ್ನು ಸೋಲಿಸುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರು ವಲಸೆ ಪ್ರಮಾಣಪತ್ರಕ್ಕೆ ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ. ಕಾಲೇಜಿನ ಟಿಸಿ ಮೂಲಪ್ರತಿಯನ್ನು ಕೊಡುವ ಮೊದಲು ನಾಲ್ಕು ಜೆರಾಕ್ಸ್ ತೆಗೆಸಿ, ಆರೂ ಸೆಮಿಸ್ಟರಿನ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ಒಂದು ಸೆಮಿಸ್ಟರಿನದು ಕಾಣದಿದ್ದರೂ ಪ್ರವೇಶದ ಕೊನೇ ದಿನದವರೆಗೆ ಕಾಯದೆ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಲಿಖಿತವಾಗಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.